ಬಳ್ಳಾರಿ ಸೀಮೆಯ ಕರಡಿಗಳೂ ಪರೋಪಜೀವಿಗಳ ಬಾಧೆಯೂ

ಬಳ್ಳಾರಿ ಸೀಮೆಯ ಕರಡಿಯ ವಿಷಯ ಪ್ರಸ್ತಾಪಕ್ಕೆ ಬಂದಾಗಲೆಲ್ಲ ಅದಕ್ಕೆ ಒದಗಿರುವ ಕಂಟಕಗಳನ್ನು ಎಣಿಸುವುದು ವಾಡಿಕೆಯಾಗಿದೆ. ಅದಿರಿನ ಗಣಿ, ಕಲ್ಲಿನ ಕ್ವಾರಿ, ಕಳ್ಳಬೇಟೆ, ಬೇಸಗೆಯ ಕಾಡುಗಿಚ್ಚು, ಹೊಲದಂಚಿನ ವಿದ್ಯುತ್ ತಂತಿ ಇವೆಲ್ಲವೂ ನಿಜವಾದ ಕಂಟಕಗಳೇ. ಇವು ಕಣ್ಣಿಗೆ ಕಾಣುತ್ತವೆ. ಆದುದರಿಂದ ಇವುಗಳ ಮೇಲೆ ಕಾನೂನು ಹುಟ್ಟುತ್ತದೆ, ಮೊಕದ್ದಮೆ ನಡೆಯುತ್ತದೆ, ಪತ್ರಿಕೆಗಳಲ್ಲಿ ಲೇಖನ ಬರುತ್ತದೆ. ಕಣ್ಣಿಗೆ ಕಾಣದೆ ಕರಡಿಯ ಕರುಳಿನಲ್ಲಿಯೂ ರಕ್ತದಲ್ಲಿಯೂ ತೊಗಲಿನಲ್ಲಿಯೂ ಮನೆಮಾಡುವ ಹುಳು, ಉಣ್ಣಿ, ನುಸಿಗಳ ವಿಚಾರವನ್ನು ಮಾತ್ರ ಪಶುವೈದ್ಯರ ಪಾಲಿಗೆ ಬಿಟ್ಟು ಉಳಿದವರು ಸುಮ್ಮನಿರುವುದು ರೂಢಿ. ಈ ರೂಢಿ ಸರಿಯಾದುದಲ್ಲ. ಏಕೆಂದರೆ ಕಾಡಿನ ಕರಡಿಗೆ ತಗಲುವ ಪರೋಪಜೀವಿಗಳ ಭಾರವನ್ನು ಹೆಚ್ಚಿಸುವ ಕಾರಣಗಳಲ್ಲಿ ಹಲವು ಕಾಡಿನೊಳಗೆ ಹುಟ್ಟಿದವುಗಳಲ್ಲ. ಊರಿನಲ್ಲಿ, ಹಟ್ಟಿಯಲ್ಲಿ, ಪ್ರವಾಸಿಗರ ಕುತೂಹಲದಲ್ಲಿ ಹುಟ್ಟಿದವು.

ದರೋಜಿಯ ಕರಡಿಧಾಮ ಅಸ್ತಿತ್ವಕ್ಕೆ ಬಂದುದು 1994ರಲ್ಲಿ. ಬಿಳಿಕಲ್ಲು ಅರಣ್ಯದ ಸುಮಾರು 5,587 ಹೆಕ್ಟೇರ್ ನೆಲವನ್ನು ಮೊದಲು ಇದಕ್ಕಾಗಿ ಗೊತ್ತುಪಡಿಸಲಾಯಿತು. 2009ರಲ್ಲಿ ಬುಕ್ಕಸಾಗರದ ಕಡೆಯ ಮೀಸಲು ಅರಣ್ಯ ಸೇರಿ ಒಟ್ಟು ವಿಸ್ತಾರ ಸುಮಾರು 82 ಚದರ ಕಿಲೋಮೀಟರುಗಳಾಯಿತು. ದೇಶದಲ್ಲಿ ಕರಡಿಯೊಂದರ ಹೆಸರಿನಲ್ಲಿಯೇ ಇಷ್ಟು ನೆಲವನ್ನು ಮೀಸಲಿಟ್ಟುದು ಸಾಮಾನ್ಯ ಸಂಗತಿಯಲ್ಲ. ಆದರೆ ಧಾಮದ ಗಡಿ ಕಾಗದದ ಮೇಲಿನದು. ಒಂದರ ಮೇಲೊಂದು ಪೇರಿಸಿಟ್ಟಂತಿರುವ ಕಣಶಿಲೆಯ ಗುಂಡುಗಳು, ಅವುಗಳ ಸಂದಿಯ ತಂಪು ಗವಿಗಳು, ಕೆಳಗೆ ಬಾರಿ, ಕಾರೆ, ಕವಳಿ, ಸೀತಾಫಲಗಳ ಮುಳ್ಳುಪೊದೆ, ನಡುನಡುವೆ ಗೆದ್ದಲಿನ ಹುತ್ತ: ಕರಡಿಗೆ ಒಪ್ಪುವ ಇಂಥ ನೆಲ ದರೋಜಿಗೆ ನಿಲ್ಲದೆ ಕಂಪ್ಲಿ, ಕುರುಗೋಡುಗಳ ಕಡೆಗೂ ತುಣುಕು ತುಣುಕಾಗಿ ಹಬ್ಬಿದೆ. ದೊಡ್ಡ ಬಸವೇಶ್ವರನ ದರ್ಶನಕ್ಕೆ ಕುರುಗೋಡಿಗೆ ಹೋದವರೆಲ್ಲರೂ ಆ ಗುಡ್ಡಸಾಲನ್ನು ಕಂಡವರೇ. ಗುಡ್ಡದ ಬುಡಕ್ಕೆ ಹೊಲ, ಹೊಲದ ಬದಿಗೆ ಊರು, ಊರ ಹೊರಗೆ ಕುರಿಹಟ್ಟಿ. ಕರಡಿಗೂ ಮನುಷ್ಯನಿಗೂ ನಡುವೆ ಉಳಿದಿರುವ ಅಂತರ ಇಷ್ಟೇ.

ಈ ಕರಡಿಯ ದೇಹರಚನೆಯೇ ಒಂದು ವಿಶೇಷ. ಇದರ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳಿಲ್ಲ. ಆ ಬಿರುಕಿನ ಮೂಲಕ, ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ಹುತ್ತದೊಳಗಿನ ಗೆದ್ದಲನ್ನು ಕೊಳವೆಯಲ್ಲಿ ಹೀರಿದಂತೆ ಹೀರುತ್ತದೆ. ಆ ಸದ್ದು ದೂರದವರೆಗೆ ಕೇಳುವುದುಂಟು. ಹೀರುವಾಗ ಗೆದ್ದಲಿನೊಡನೆ ಮಣ್ಣೂ ಹೊಟ್ಟೆಗೆ ಹೋಗುತ್ತದೆ. ಮರಿಗಳನ್ನು ತಾಯಿ ಬೆನ್ನಿನ ಮೇಲೆ ಹೊತ್ತು ತಿರುಗುತ್ತದೆ. ಬೇರೆ ಕರಡಿಜಾತಿಗಳಲ್ಲಿ ಈ ಪದ್ಧತಿಯಿಲ್ಲ. ಉದ್ದನೆಯ ಕೆದರಿದ ಕೂದಲಿನಲ್ಲಿ ಮರಿ ಕಚ್ಚಿ ಹಿಡಿದಿರುತ್ತದೆ, ಉಣ್ಣಿಯೂ ಅಲ್ಲಿಯೇ ಕಚ್ಚಿ ಹಿಡಿದಿರುತ್ತದೆ. ಮಣ್ಣು ತಿನ್ನುವ ಬಾಯಿ, ಜಡೆಗಟ್ಟಿದ ಕೂದಲು, ಹಲವರು ಬಂದುಹೋಗುವ ಗವಿ ಇವು ಮೂರೂ ಪರೋಪಜೀವಿಗೆ ಅನುಕೂಲವಾದವುಗಳೇ.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳದಿದ್ದರೆ ವಿಚಾರ ದಾರಿ ತಪ್ಪುತ್ತದೆ. ಪರೋಪಜೀವಿಯ ಸಂಪರ್ಕ ಬೇರೆ, ಅದರಿಂದಾಗುವ ರೋಗ ಬೇರೆ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಕಪ್ಪು ಕರಡಿಗಳ ರಕ್ತವನ್ನು ಪರೀಕ್ಷಿಸಿ 1990ರ ದಶಕದಲ್ಲಿ ಪ್ರಕಟಿಸಿದ ವರದಿಗಳಲ್ಲಿ, ಸುಮಾರು ಶೇಕಡಾ 80ರಷ್ಟು ಕರಡಿಗಳಲ್ಲಿ ಟಾಕ್ಸೊಪ್ಲಾಸ್ಮ ಎಂಬ ಏಕಕೋಶ ಜೀವಿಯ ವಿರುದ್ಧ ಪ್ರತಿಕಾಯಗಳು ಕಂಡುಬಂದವು. ಈ ಜೀವಿ ಪೂರ್ಣವಾಗಿ ವೃದ್ಧಿಯಾಗುವುದು ಬೆಕ್ಕಿನ ಜಾತಿಯ ಪ್ರಾಣಿಗಳ ಕರುಳಿನಲ್ಲಿ ಮಾತ್ರ. ಅಲ್ಲಿಂದ ಮಣ್ಣಿಗೆ, ನೀರಿಗೆ, ಮಾಂಸಕ್ಕೆ ಸೇರಿ ಉಳಿದ ಪ್ರಾಣಿಗಳನ್ನು ಮುಟ್ಟುತ್ತದೆ. ಹಾಗೆಂದು ಆ ಕರಡಿಗಳೆಲ್ಲ ರೋಗದಿಂದ ನರಳುತ್ತಿದ್ದುವೆಂದು ಅರ್ಥವಲ್ಲ. ಪ್ರತಿಕಾಯವೆಂಬುದು ಶತ್ರು ಬಂದುಹೋದುದಕ್ಕೆ ಉಳಿದ ಸಾಕ್ಷಿ. ಶೀತದೇಶದ ಕರಡಿಗಳ ಮಾಂಸದಲ್ಲಿ ಸುರುಳಿ ಸುತ್ತಿ ಮಲಗಿರುವ ಟ್ರಿಕಿನೆಲ್ಲ ಹುಳುವಿನ ಕಥೆಯೂ ಅಂಥದೇ. ಕರಡಿಗೆ ಅದರಿಂದ ಹೆಚ್ಚಿನ ಬಾಧೆ ಕಾಣದು, ಅರೆಬೆಂದ ಕರಡಿಮಾಂಸ ತಿಂದ ಮನುಷ್ಯ ಹಾಸಿಗೆ ಹಿಡಿಯುತ್ತಾನೆ. ಬಹುಮಟ್ಟಿಗೆ ಗೆದ್ದಲು, ಇರುವೆ, ಜೇನು, ಹಣ್ಣುಗಳಿಂದಲೇ ಹೊಟ್ಟೆ ಹೊರೆಯುವ ಬಳ್ಳಾರಿಯ ಕರಡಿಗೆ ಮಾಂಸದ ಮೂಲಕ ಬರುವ ಈ ಹುಳುವಿನ ಭಯ ಕಡಿಮೆಯೆಂದೇ ತಿಳಿಯಬಹುದು. ಅದರ ಭಯ ಮಣ್ಣಿನಿಂದ, ಉಣ್ಣಿಯಿಂದ, ನಾಯಿಯಿಂದ.

ಹುಳುವೇ ಇಲ್ಲದ ಕಾಡುಪ್ರಾಣಿ ಜಗತ್ತಿನಲ್ಲಿಲ್ಲ. ಸಾವಿರಾರು ವರ್ಷಗಳಿಂದ ಕರಡಿಯೂ ಅದರ ಹುಳುವೂ ಒಂದು ಬಗೆಯ ಒಪ್ಪಂದದಲ್ಲಿ ಬಾಳಿಕೊಂಡು ಬಂದಿವೆ. ಬೇಲಿಸಾಸ್ಕರಿಸ್ ಎಂಬ ಕುಲದ ದುಂಡುಹುಳು ಜಗತ್ತಿನ ಅನೇಕ ಕರಡಿಜಾತಿಗಳಲ್ಲಿ ಕಂಡುಬಂದಿದೆ. ಭಾರತದ ಕರಡಿಯೂ ಇದಕ್ಕೆ ಹೊರತಲ್ಲ. ಅದರ ಮೊಟ್ಟೆ ದಪ್ಪ ಕವಚದ್ದು, ಅಂಟಿನ ಗುಣವುಳ್ಳದ್ದು. ಹಿಕ್ಕೆಯೊಡನೆ ಹೊರಬಿದ್ದ ಕೂಡಲೇ ಅದು ಸೋಂಕು ತಗಲಿಸಲಾರದು. ಒಳಗಿನ ಮರಿ ಬಲಿಯುವುದಕ್ಕೆ ಕೆಲವು ವಾರಗಳು ಹಿಡಿಯುತ್ತವೆ. ಕಾದ ಬಂಡೆಯ ಮೇಲೆ, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಒಣಗಿ ಸಾಯುತ್ತದೆ. ನೆರಳೂ ತೇವವೂ ಇರುವ ಸಂದಿಯ ಮಣ್ಣಿನಲ್ಲಿ ಬಹುಕಾಲ ಬದುಕಿರುತ್ತದೆ. ಕೊಕ್ಕೆಹುಳುವಿನ ಮರಿಯಾದರೋ ತೇವದ ಮಣ್ಣಿನಲ್ಲಿ ಕಾದಿದ್ದು ತೊಗಲನ್ನು ತೂರಿ ಒಳಹೋಗಬಲ್ಲದು. ಕರುಳಿಗೆ ಕಚ್ಚಿಕೊಂಡು ರಕ್ತ ಹೀರುವ ಈ ಹುಳು ಬೆಳೆದ ಗಂಡು ಕರಡಿಯನ್ನು ಕೊಲ್ಲಲಾರದೆಂಬುದು ನಿಜ. ಹಾಲು ಕುಡಿಯುವ ಮರಿಯಲ್ಲಿ, ಬರಗಾಲದಲ್ಲಿ ಬಡಕಲಾದ ತಾಯಿಯಲ್ಲಿ, ಲೆಕ್ಕ ಬೇರೆಯಾಗುತ್ತದೆ.

ಬರಗಾಲವೆಂಬ ಮಾತನ್ನು ಇಲ್ಲಿ ಸುಮ್ಮನೆ ಎತ್ತಿದ್ದಲ್ಲ. ಆಫ್ರಿಕದ ಸೆರೆಂಗೆಟಿಯಲ್ಲಿ 1994ರಲ್ಲಿ ನಾಯಿಗಳಿಂದ ಹರಡುವ ಡಿಸ್ಟೆಂಪರ್ ಎಂಬ ವೈರಸ್ ರೋಗ ಸಿಂಹಗಳಿಗೆ ತಗಲಿ ಅವುಗಳಲ್ಲಿ ಮೂರನೆಯ ಒಂದು ಭಾಗದಷ್ಟು ಸತ್ತವು. ಅದೇ ವೈರಸ್ ಬೇರೆ ವರ್ಷಗಳಲ್ಲಿ ಸಿಂಹಗಳ ನಡುವೆ ಸದ್ದಿಲ್ಲದೆ ಬಂದುಹೋಗಿತ್ತೆಂಬುದು ರಕ್ತಪರೀಕ್ಷೆಗಳಿಂದ ಆಮೇಲೆ ತಿಳಿಯಿತು. ಹಾಗಾದರೆ ಆ ವರ್ಷ ಮಾತ್ರ ಅಷ್ಟು ಸಾವು ಏಕೆ? ಬರದಿಂದ ಸೊರಗಿದ ಕಾಡೆಮ್ಮೆಗಳ ಮೈತುಂಬ ಉಣ್ಣಿ ತುಂಬಿತ್ತು. ಅವನ್ನು ತಿಂದ ಸಿಂಹಗಳಿಗೆ ಉಣ್ಣಿಯ ಮೂಲಕ ಬೆಬಿಸಿಯ ಎಂಬ ರಕ್ತದ ಪರೋಪಜೀವಿ ವಿಪರೀತವಾಗಿ ಹತ್ತಿತ್ತು. ವೈರಸ್ ಬಂದು ಮೈಯ ತಡೆಶಕ್ತಿಯನ್ನು ಮುರಿದಾಗ ಆ ಪರೋಪಜೀವಿ ಎದ್ದು ಕೊಂದಿತು. ಗುಜರಾತಿನ ಗಿರ್ ಅರಣ್ಯದಲ್ಲಿ 2018ರಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗಲೂ ಇದೇ ಜೋಡಿಯ ಹೆಸರು ಕೇಳಿಬಂತು. ಸಿಂಹದ ಮಾತು ಕರಡಿಗೆ ಅನ್ವಯಿಸುವುದೆ ಎಂದು ಕೇಳಬಹುದು. ಅಕ್ಷರಶಃ ಅನ್ವಯಿಸಲಾರದು. ಆದರೆ ಬರ, ಉಣ್ಣಿ, ಊರನಾಯಿ ಇವು ಮೂರೂ ಒಂದೇ ಕಡೆ ಸೇರುವ ಸ್ಥಳ ಬಳ್ಳಾರಿ ಸೀಮೆಗಿಂತ ಬೇರೆ ಯಾವುದಿದ್ದೀತು?

ನಾಯಿಯ ವಿಚಾರವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ಬಳ್ಳಾರಿ ತಳಿಯ ಕುರಿ ದೇಶದಲ್ಲೆಲ್ಲ ಹೆಸರುವಾಸಿ. ಅದರ ಒರಟು ಉಣ್ಣೆಯಿಂದ ನೇಯ್ದ ಕಂಬಳಿ ಹೊದೆಯದ ಮನೆ ಈ ಸೀಮೆಯಲ್ಲಿ ಒಂದು ಕಾಲಕ್ಕೆ ಇರಲಿಲ್ಲ. ಕುರಿಯಿದ್ದಲ್ಲಿ ಕಾವಲಿಗೆ ನಾಯಿ ಇದ್ದೇ ಇರುತ್ತದೆ. ಮಳೆಗಾಲದಲ್ಲಿ ಗುಡ್ಡದ ಸೆರಗಿನಲ್ಲಿ ಮೇಯುವ ಮಂದೆಗಳು ಸುಗ್ಗಿ ಮುಗಿದ ಮೇಲೆ ಕೂಳೆ ಮೇಯಲು ನೀರಾವರಿ ನೆಲದ ಕಡೆಗೆ ಇಳಿಯುವುದೂ, ಗೊಬ್ಬರಕ್ಕಾಗಿ ರೈತರು ಗದ್ದೆಯಲ್ಲಿ ಕುರಿ ತರುಬಿಸುವುದೂ ಹಳೆಯ ಪದ್ಧತಿ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ಕಾಲುವೆಗಳು ಹರಿದ ಮೇಲೆ ಸಿರುಗುಪ್ಪದ ನೆಲ ಭತ್ತದ ಕಣಜವಾಯಿತು. ಅದು ಆ ಭಾಗಕ್ಕೆ ಬಂದ ದೊಡ್ಡ ಭಾಗ್ಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಒಣನೆಲದಲ್ಲಿ ಸಾಯುತ್ತಿದ್ದ ಕೊಕ್ಕೆಹುಳುವಿನ ಮರಿಗೆ ಕೆಸರುಗದ್ದೆಯ ಬದು ತಕ್ಕ ಆಶ್ರಯವೆಂಬುದನ್ನೂ ಮರೆಯಬಾರದು. ಸಿರುಗುಪ್ಪದ ಗದ್ದೆಯ ತೇವವನ್ನು ಮೆಟ್ಟಿದ ನಾಯಿಯೇ ಮತ್ತೆ ಮಳೆಗಾಲಕ್ಕೆ ಕುರುಗೋಡಿನ ಗುಡ್ಡದ ಸೆರಗಿಗೆ ಮರಳುತ್ತದೆ. ಉಣ್ಣಿಗಳಲ್ಲಿಯೂ ಎಳೆಯದರಲ್ಲಿ ಒಂದು ಪ್ರಾಣಿಯ, ಬೆಳೆದ ಮೇಲೆ ಮತ್ತೊಂದರ ರಕ್ತ ಕುಡಿಯುವ ಜಾತಿಗಳು ಹಲವಿವೆ. ನಾಯಿಯ ಮೈಯಿಂದ ಪೊದೆಗೆ ಉದುರಿದುದು ಆ ಪೊದೆಯಲ್ಲಿ ಬಾರಿಹಣ್ಣು ತಿನ್ನಲು ಬಂದ ಪ್ರಾಣಿಯನ್ನು ಏರಲು ತಡವೇನಿಲ್ಲ. ಕುರಿಗೆ ವರ್ಷಕ್ಕೆ ಎರಡು ಮೂರು ಸಲ ಜಂತಿನ ಔಷಧಿ ಕುಡಿಸುವ ಕುರಿಗಾರನೂ ನಾಯಿಗೆ ಕುಡಿಸುವುದು ಅಪರೂಪ. ಕುರಿಗೆ ಬೆಲೆಯಿದೆ, ನಾಯಿಗೆ ಬೆಲೆಯಿಲ್ಲ, ಕಾರಣ ಇಷ್ಟೇ.

ಬಳ್ಳಾರಿ ನಗರದವರು ತಮಗೆ ಇದರಲ್ಲಿ ಪಾತ್ರವಿಲ್ಲವೆಂದು ಭಾವಿಸಬಾರದು. ಮಾಂಸದಂಗಡಿಗಳ ತ್ಯಾಜ್ಯವನ್ನು ಊರ ಹೊರಗಿನ ಹಳ್ಳದಲ್ಲಿಯೋ ಗುಡ್ಡದ ಬುಡದಲ್ಲಿಯೋ ಸುರಿಯುವ ಕಡೆಯೆಲ್ಲ ಬಿಡಾಡಿ ನಾಯಿಗಳ ಹಿಂಡು ಬೆಳೆಯುತ್ತದೆ. ಕುರಿಯ ಶ್ವಾಸಕೋಶ, ಯಕೃತ್ತುಗಳಲ್ಲಿನ ನೀರುಗುಳ್ಳೆಯನ್ನು ತಿಂದ ನಾಯಿಯ ಕರುಳಿನಲ್ಲಿ ಸಣ್ಣದೊಂದು ಲಾಡಿಹುಳು ಬೆಳೆಯುತ್ತದೆ; ಅದರ ಮೊಟ್ಟೆ ಮತ್ತೆ ಕುರಿಗೆ, ಕೆಲವು ಸಲ ಮನುಷ್ಯನಿಗೆ ಸೇರಿ ಅದೇ ಗುಳ್ಳೆಯನ್ನು ಉಂಟುಮಾಡುತ್ತದೆ. ಇದನ್ನು ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು ಬಲ್ಲರು.

ಇನ್ನು ಕರಡಿಧಾಮದ ಒಳಗಿನ ಮಾತು. ದರೋಜಿ ಪ್ರಸಿದ್ಧವಾದುದು ಕರಡಿಗುಡ್ಡದ ಬಂಡೆಗಳಿಂದ. ಮಧ್ಯಾಹ್ನದ ಹೊತ್ತಿಗೆ ಬೆಲ್ಲ ಮುಂತಾದ ಸಿಹಿಯನ್ನು ಬಂಡೆಗೆ ಬಳಿದಿಟ್ಟರೆ ಇಳಿಹೊತ್ತಿನಲ್ಲಿ ತಾಯಿಯೂ ಬೆನ್ನಮೇಲಿನ ಮರಿಗಳೂ ಇಳಿದು ಬರುವ ದೃಶ್ಯವನ್ನು ಎದುರಿನ ವೀಕ್ಷಣಾ ಗೋಪುರದಿಂದ ಕಂಡವರು ಸಾವಿರಾರು ಮಂದಿ. ಈ ರೂಢಿಯನ್ನು ಆರಂಭಿಸಿದವರ ಉದ್ದೇಶ ಒಳ್ಳೆಯದೇ ಆಗಿತ್ತು. ಹಸಿದ ಬಾಯಿಗೆ ತುತ್ತಿಡುವುದು ಪುಣ್ಯವೆಂಬ ನಂಬಿಕೆ ಈ ನೆಲದ್ದು. ಕರಡಿ ಹೊಲಕ್ಕೆ ಬಾರದಿರಲಿ ಎಂಬ ಲೆಕ್ಕಾಚಾರವೂ ಅದರಲ್ಲಿದ್ದಿತು. ಕರಡಿಯೆಂದರೆ ಬಡಿದು ಕೊಲ್ಲತಕ್ಕ ಪ್ರಾಣಿಯೆಂದು ತಿಳಿದಿದ್ದ ಎಷ್ಟೋ ಜನ ಆ ಗೋಪುರದ ಮೇಲೆ ನಿಂತು ಮನಸ್ಸು ಬದಲಿಸಿಕೊಂಡಿರುವುದನ್ನು ಅಲ್ಲಗಳೆಯಲಾಗದು. ಆದಾಗ್ಯೂ ಪರೋಪಜೀವಿಯ ದೃಷ್ಟಿಯಿಂದ ನೋಡಿದರೆ ಈ ಪದ್ಧತಿಯನ್ನು ಸಮರ್ಥಿಸುವುದು ಕಷ್ಟ. ಕರಡಿ ಒಂಟಿಯಾಗಿ ಬಾಳುವ ಪ್ರಾಣಿ. ಹುತ್ತಗಳೂ ಹಣ್ಣಿನ ಗಿಡಗಳೂ ಚದುರಿರುವುದರಿಂದ ಕರಡಿಯೂ ಚದುರಿರುತ್ತದೆ. ಒಂದರ ಹಿಕ್ಕೆಯ ಬಳಿ ಇನ್ನೊಂದು ಬರುವ ಸಂದರ್ಭ ಕಡಿಮೆ. ದಿನವೂ ಒಂದೇ ಬಂಡೆಯ ಮೇಲೆ ಸಿಹಿಯಿಟ್ಟರೆ ಹಲವು ಕರಡಿಗಳು ಒಂದೇ ಕಲ್ಲನ್ನು ನೆಕ್ಕುತ್ತವೆ, ಅಲ್ಲಿಯೇ ಹಿಕ್ಕೆ ಹಾಕುತ್ತವೆ. ಹಂದಿ, ಮುಂಗುಸಿ, ನವಿಲುಗಳೂ ಉಳಿದುದನ್ನು ಹೆಕ್ಕುತ್ತವೆ. ದುಂಡುಹುಳುವಿನ ಮೊಟ್ಟೆ ಬಲಿಯಲು ವಾರಗಳು ಬೇಕೆಂಬುದನ್ನು ಇಲ್ಲಿ ನೆನೆಯಬೇಕು. ಒಂದು ದಿನ ಇಟ್ಟು ಬಿಟ್ಟರೆ ಅಪಾಯವಿಲ್ಲ. ವರ್ಷಗಟ್ಟಲೆ ಅದೇ ಸ್ಥಳದಲ್ಲಿ ಇಟ್ಟರೆ ಬಂಡೆಯ ಬುಡದ ನೆರಳಿನ ಮಣ್ಣು ಮೊಟ್ಟೆಯ ಕಣಜವಾಗುತ್ತದೆ. ಪೆನ್ಸಿಲ್ವೇನಿಯಾದಲ್ಲಿ 1990ರ ದಶಕದಿಂದ ಕರಡಿಗಳಿಗೆ ನುಸಿಯಿಂದ ಬರುವ ಕಜ್ಜಿ ಹಬ್ಬುತ್ತ ಹೋಗಿ, ಕೂದಲುದುರಿ ಬಡಕಲಾಗಿ ಸಾಯುವ ಕರಡಿಗಳು ಕಾಣತೊಡಗಿದವು. ಆ ರಾಜ್ಯದಲ್ಲಿ 2003ರಿಂದ ಕರಡಿಗೆ ಬೇಕೆಂದೇ ಆಹಾರವಿಡುವುದು ಕಾನೂನಿಗೆ ವಿರುದ್ಧ. ಆಹಾರವಿಟ್ಟಲ್ಲಿ ಕರಡಿಗಳು ಗುಂಪುಗೂಡಿ ಕಜ್ಜಿ ದಾಟಿಸಿಕೊಳ್ಳುವವೆಂಬುದೂ ಅಲ್ಲಿಯ ಅಧಿಕಾರಿಗಳು ಜನರಿಗೆ ಕೊಡುವ ಎಚ್ಚರಿಕೆಗಳಲ್ಲಿ ಒಂದು.

ಹಿರಿಯ ವಾಚಕರಿಗೆ ಈ ಮಾತನ್ನು ಬೇರೊಂದು ಬಗೆಯಿಂದ ನೆನಪಿಸಬಹುದು. ಉತ್ತರ ಕರ್ನಾಟಕದ ಬಯಲುಸೀಮೆಯಲ್ಲಿ ನಾರುಹುಣ್ಣು ಎಷ್ಟು ಮಂದಿಯನ್ನು ಕುಂಟರನ್ನಾಗಿ ಮಾಡಿತ್ತೆಂಬುದು ಅವರಿಗೆ ಗೊತ್ತು. ಕಾಲಿನಲ್ಲಿ ಹುಳು ಹೊರಬರುತ್ತಿದ್ದವನು ಮೆಟ್ಟಿಲು ಬಾವಿಗೆ ಇಳಿದು ನೀರಿನಲ್ಲಿ ನಿಲ್ಲುತ್ತಿದ್ದ; ಹುಳು ನೀರಿನಲ್ಲಿ ಮರಿ ಬಿಡುತ್ತಿತ್ತು; ಸೈಕ್ಲೋಪ್ಸ್ ಎಂಬ ನೀರಿನ ಸೂಕ್ಷ್ಮ ಪ್ರಾಣಿ ಅದನ್ನು ನುಂಗುತ್ತಿತ್ತು; ಆ ನೀರು ಕುಡಿದವನಿಗೆ ಮರುವರ್ಷ ಹುಣ್ಣು. ಇದಕ್ಕೆ ಲಸಿಕೆ ಹುಟ್ಟಲಿಲ್ಲ, ತಕ್ಕ ಔಷಧಿಯೂ ಇರಲಿಲ್ಲ. 1983–84ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಮಾಡಿದ್ದು ಮುಖ್ಯವಾಗಿ ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಮಾರ್ಪಡಿಸಿದ್ದು, ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸಿದ್ದು, ನೀರಿಗೆ ಮದ್ದು ಹಾಕಿದ್ದು. 1996ರಲ್ಲಿ ದೇಶದ ಕೊನೆಯ ರೋಗಿ ಕಂಡುಬಂದ. 2000ದಲ್ಲಿ ಭಾರತ ಈ ಪಿಡುಗಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಹುಳುವನ್ನು ಸೋಲಿಸಿದ್ದು ಎಲ್ಲರೂ ಇಳಿಯುವ ಆ ಮೆಟ್ಟಿಲನ್ನು ಮುಚ್ಚಿದ್ದರಿಂದ. ಕರಡಿಗಳ ಪಾಲಿಗೆ ಸಿಹಿ ಬಳಿದ ಬಂಡೆ ಅಂಥದೊಂದು ಮೆಟ್ಟಿಲು ಬಾವಿ. ಅದನ್ನು ಒಮ್ಮೆಲೇ ಮುಚ್ಚುವುದು ಕಷ್ಟವಾದರೆ, ಬಂಡೆಗಳನ್ನು ಬದಲಿಸುತ್ತ, ದಿನಗಳನ್ನು ಕಡಿಮೆ ಮಾಡುತ್ತ, ಬಾರಿ, ಕಾರೆ, ಕವಳಿ ಗಿಡಗಳನ್ನು ಹೆಚ್ಚಿಸುತ್ತ ಕೆಲವು ವರ್ಷಗಳಲ್ಲಿ ನಿಲ್ಲಿಸಬಹುದು. ಪ್ರವಾಸಿಗರ ಸಂಖ್ಯೆ ಇಳಿಯಬಹುದು. ಇಳಿಯಲಿ.

ಬೆಲ್ಲದಲ್ಲಿಯೇ ಜಂತಿನ ಔಷಧಿ ಬೆರೆಸಿಟ್ಟರೆ ಎರಡೂ ಕೆಲಸವಾಗುವುದಲ್ಲವೆ ಎಂಬ ಸಲಹೆ ಇಂಥ ಸಂದರ್ಭಗಳಲ್ಲಿ ತಪ್ಪದೆ ಬರುತ್ತದೆ. ಕೇಳಲು ಚೆನ್ನಾಗಿದೆ, ಮಾಡತಕ್ಕದ್ದಲ್ಲ. ಯಾವ ಕರಡಿ ಎಷ್ಟು ನೆಕ್ಕಿತೆಂದು ಅಳೆಯುವವರಾರು? ಬಲಿಷ್ಠ ಗಂಡಿಗೆ ಹೆಚ್ಚು, ಹಿಂಜರಿಯುವ ತಾಯಿಗೆ ಕಡಿಮೆ ಸಿಗುತ್ತದೆ. ಅರೆಪ್ರಮಾಣದ ಔಷಧಿ ಹುಳುವನ್ನು ಕೊಲ್ಲದೆ ಗಟ್ಟಿಗೊಳಿಸುವುದೆಂಬುದನ್ನು ಕುರಿ ಸಾಕುವವರು ಅನುಭವದಿಂದಲೇ ಕಂಡುಕೊಂಡಿದ್ದಾರೆ. ಮೇಲಾಗಿ ಐವರ್ಮೆಕ್ಟಿನ್‌ನಂಥ ಔಷಧಿ ಹಿಕ್ಕೆಯಲ್ಲಿ ಹೊರಬಂದು ಸಗಣಿಹುಳುಗಳನ್ನು ಕೊಲ್ಲುತ್ತದೆ. ಬನ್ನೇರುಘಟ್ಟದ ರಕ್ಷಣಾ ಕೇಂದ್ರದಲ್ಲಿರುವ ಕರಡಿಗಳ ಮಾತು ಬೇರೆ. ಕರಡಿ ಆಡಿಸುವವರ ಹಗ್ಗದಿಂದ ಬಿಡುಗಡೆಯಾಗಿ ಬಂದ ಅವು ಕ್ಷಯ ಮೊದಲಾದ ಮನುಷ್ಯರ ಬೇನೆಗಳನ್ನೂ ಹೊತ್ತು ತಂದಿದ್ದವು. 2009ರ ಡಿಸೆಂಬರಿನಲ್ಲಿ ದೇಶದ ಕೊನೆಯ ಆಟದ ಕರಡಿಯೆಂದು ಹೆಸರಾದುದು ಅಲ್ಲಿಗೆ ಸೇರಿತು. ಅಲ್ಲಿ ಒಂದೊಂದು ಕರಡಿಗೂ ಹೆಸರುಂಟು, ತೂಕದ ಲೆಕ್ಕವುಂಟು, ಔಷಧಿಯ ಅಳತೆಯುಂಟು. ಕಾಡಿನ ಕರಡಿಗೆ ಅದಾವುದೂ ಇಲ್ಲ, ಇರಬಾರದು ಕೂಡ.

ಕರಡಿಯ ಪಂಜದಿಂದ ಮುಖವನ್ನೇ ಕಳೆದುಕೊಂಡವರು ಗುಡ್ಡದ ಸೆರಗಿನ ಊರುಗಳಲ್ಲಿರುತ್ತಾರೆ. ಶೇಂಗಾ, ಮೆಕ್ಕೆಜೋಳ ಕಾಯಲು ರಾತ್ರಿ ಹೊಲದಲ್ಲಿ ಮಲಗುವ ರೈತನ ಮುಂದೆ ಕರಡಿಯ ಹೊಟ್ಟೆಯ ಹುಳುವಿನ ಚಿಂತೆಯನ್ನು ತೋಡಿಕೊಂಡರೆ ಅವನು ನಕ್ಕಾನು. ನಕ್ಕರೆ ತಪ್ಪೇನೂ ಇಲ್ಲ. ಅವನಿಗೆ ಹೇಳಬೇಕಾದುದು ಕರಡಿಯ ಮಾತಲ್ಲ, ಅವನ ಅಂಗಳದ ಮಾತು. ನಾಯಿಯ ದುಂಡುಹುಳುವಿನ ಮೊಟ್ಟೆ ಮಣ್ಣಿನಲ್ಲಾಡುವ ಮಗುವಿನ ಬಾಯಿಗೆ ಸೇರಿ ಕೆಲವು ಸಲ ಕಣ್ಣಿನ ದೃಷ್ಟಿಯನ್ನೇ ಕೆಡಿಸುತ್ತದೆ. ನಾಯಿಯ ಕೊಕ್ಕೆಹುಳು ಬರಿಗಾಲಿನ ತೊಗಲಿನಲ್ಲಿ ಹರಿದಾಡಿ ಕೆಂಪು ಗೆರೆ ಎಳೆಯುತ್ತದೆ. 2015ರಿಂದ ಫೆಬ್ರವರಿ 10ರಂದು ಶಾಲೆಗಳಲ್ಲಿ ಜಂತುಹುಳು ನಿವಾರಣಾ ದಿನವೆಂದು ಮಕ್ಕಳಿಗೆ ಅಲ್ಬೆಂಡಜೋಲ್ ಮಾತ್ರೆ ಕೊಡುವ ಏರ್ಪಾಡಿದೆ. ಅದು ಮನುಷ್ಯರ ಹುಳುಗಳಿಗೆಂದು ಕೊಡುವ ಮಾತ್ರೆ, ಅಂಗಳದ ನಾಯಿಯ ಹೊಟ್ಟೆ ಹಾಗೆಯೇ ಉಳಿಯುತ್ತದೆ. ನಾಯಿಗೆ ಕೊಡಿಸಿದ ಔಷಧಿ ಮಗುವನ್ನೂ ಕಾಯುತ್ತದೆ, ಕುರಿಯನ್ನೂ ಕಾಯುತ್ತದೆ. ಗುಡ್ಡದ ಮೇಲಿನ ಕರಡಿಗೆ ದೊರೆಯುವುದು ಉಳಿದ ಲಾಭ.

ಆದುದರಿಂದ ಕರಡಿಯನ್ನು ಉಳಿಸುವ ಕೆಲಸದ ಒಂದು ಭಾಗ ಅರಣ್ಯ ಇಲಾಖೆಯ ಕೈಯಲ್ಲಿಲ್ಲ. ಪಶುಸಂಗೋಪನಾ ಇಲಾಖೆ, ಪಂಚಾಯಿತಿ, ಮಹಾನಗರಪಾಲಿಕೆ, ವಿದ್ಯಾಸಂಸ್ಥೆಗಳ ಕೈಯಲ್ಲಿದೆ. ಮಂದೆಗಳು ಗುಡ್ಡದ ಕಡೆಗೆ ಮರಳುವ ಮುನ್ನ, ಮುಂಗಾರಿಗೆ ಒಂದು ತಿಂಗಳಿರುವಾಗ, ಕುರುಗೋಡು ಮತ್ತು ಸಿರುಗುಪ್ಪ ತಾಲ್ಲೂಕುಗಳ ಹಟ್ಟಿಗಳಲ್ಲಿ ನಾಯಿಗಳಿಗೆ ಜಂತಿನ ಔಷಧಿ, ಉಣ್ಣಿಯ ಔಷಧಿ, ಹುಚ್ಚುನಾಯಿ ರೋಗದ ಹಾಗೂ ಡಿಸ್ಟೆಂಪರಿನ ಲಸಿಕೆಗಳನ್ನು ಕೊಡುವ ಶಿಬಿರ ನಡೆಸಲು ಬೇಕಾಗುವ ಹಣ ಒಂದು ಸಮುದಾಯ ಭವನದ ಬಣ್ಣ ಸುಣ್ಣಕ್ಕಿಂತ ಹೆಚ್ಚಲ್ಲ. ಹಳೆಯ ವಿದ್ಯಾರ್ಥಿಗಳಲ್ಲಿ ಪಶುವೈದ್ಯರಾದವರಿದ್ದಾರೆ. ದಾನಿಗಳಲ್ಲಿ ಕುರಿಯ ವ್ಯಾಪಾರದಿಂದ, ಭತ್ತದ ಗಿರಣಿಯಿಂದ ಸಂಪಾದಿಸಿದವರೂ ಇರುತ್ತಾರೆ.

ಶಾಲೆಗಳಿಗೆ ಸೂಕ್ಷ್ಮದರ್ಶಕ ಕೊಡಿಸುವ ದಾನಿಗಳು ಹಿಂದಿನಿಂದಲೂ ಇದ್ದಾರೆ. ಈರುಳ್ಳಿಯ ಸಿಪ್ಪೆಯನ್ನು ವರ್ಷಕ್ಕೊಮ್ಮೆ ತೋರಿಸಿ ಅದನ್ನು ಪೆಟ್ಟಿಗೆಯಲ್ಲಿಡುವುದೂ ಹಿಂದಿನಿಂದ ಇದೆ. ಉಪ್ಪನ್ನು ಇನ್ನು ಕರಗದಷ್ಟು ಕರಗಿಸಿದ ನೀರಿನಲ್ಲಿ ಸ್ವಲ್ಪ ಹಿಕ್ಕೆಯನ್ನು ಕಲಕಿ ಸೋಸಿ, ಕೊಳವೆಯ ಅಂಚಿನವರೆಗೆ ತುಂಬಿ ಮೇಲೊಂದು ತೆಳುಗಾಜನ್ನಿಟ್ಟರೆ, ಹುಳುವಿನ ಮೊಟ್ಟೆಗಳು ತೇಲಿ ಬಂದು ಗಾಜಿಗೆ ಅಂಟುತ್ತವೆ. ಇಪ್ಪತ್ತು ನಿಮಿಷದ ಕೆಲಸ. ಕೈಗವಸು ತೊಟ್ಟು, ಪಶುವೈದ್ಯರ ಸಮ್ಮುಖದಲ್ಲಿ, ಊರಿನ ಕುರಿ, ಆಡುಗಳ ಹಿಕ್ಕೆಯಿಂದ ಇದನ್ನು ಕಲಿಸಬಹುದು. ನಾಯಿಯ ಮಲದಲ್ಲಿ ಮನುಷ್ಯನಿಗೆ ಅಂಟುವ ಮೊಟ್ಟೆಗಳಿರುವುದರಿಂದ ಅದನ್ನು ಮಕ್ಕಳ ಕೈಗೆ ಕೊಡದೆ ಪಶುವೈದ್ಯರೇ ನೋಡಬೇಕು. ಕರಡಿಯ ಹಿಕ್ಕೆಗೆ ಯಾರೂ ಕೈ ಹಾಕತಕ್ಕದ್ದಲ್ಲ. ಅನುಮತಿಯಿಲ್ಲದೆ ಧಾಮವನ್ನು ಹೊಗುವುದು 1972ರ ವನ್ಯಜೀವಿ ಕಾಯಿದೆಯಂತೆ ಅಪರಾಧ. ಆ ಕೆಲಸ ಅರಣ್ಯ ಇಲಾಖೆ, ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯ, 2010ರಲ್ಲಿ ಬಳ್ಳಾರಿಯಲ್ಲಿಯೇ ಸ್ಥಾಪಿತವಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಇವು ಕೂಡಿ ಮಾಡಬೇಕಾದದ್ದು. ಕರಡಿಯನ್ನು ಮುಟ್ಟದೆ, ಅರಿವಳಿಕೆ ಕೊಡದೆ, ಬೇಸಗೆಗೊಮ್ಮೆ ಮಳೆಗಾಲಕ್ಕೊಮ್ಮೆ ಬಂಡೆಯ ಬಳಿಯ ಹಿಕ್ಕೆಯನ್ನೂ ಬಂಡೆಯಿಂದ ದೂರದ ಹಿಕ್ಕೆಯನ್ನೂ ಬೇರೆಬೇರೆಯಾಗಿ ಎಣಿಸಿ ನೋಡಿದರೆ, ಸಿಹಿಯಿಡುವ ರೂಢಿಯ ಮೇಲಿನ ವಾದ ಎರಡು ಮೂರು ವರ್ಷಗಳಲ್ಲಿ ಅಂಕಿಗಳಿಂದಲೇ ತೀರ್ಮಾನವಾಗುತ್ತದೆ.